ಎಲ್ಬ್‌ಫಿಲ್ಹಾರ್ಮನಿಗೆ ಹೋಗುವವರಿಗೆ: ಎಲ್ಲಿ ಕೂತರೆ ಏನು ಕೇಳಿಸುತ್ತದೆ

ಹ್ಯಾಂಬರ್ಗ್‌ಗೆ ಬರುವ ನೆಂಟರು, ಸ್ನೇಹಿತರು ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಆ ನೀರಿನ ಮೇಲಿನ ಗಾಜಿನ ಬಿಲ್ಡಿಂಗ್ ಒಳಗೆ ಹೋಗಬಹುದಾ?" ಅದೇ ಎಲ್ಬ್‌ಫಿಲ್ಹಾರ್ಮನಿ, ಜರ್ಮನಿಯ ಈ ಬಂದರು ಊರಿನ ಕಾನ್ಸರ್ಟ್ ಹಾಲ್. ಹೋಗಬಹುದು. ಕಟ್ಟಡದ ಮೂರನೇ ಒಂದು ಭಾಗದಷ್ಟು ಎತ್ತರದವರೆಗೆ ದುಡ್ಡು ಕೊಡದೆ ಹೋಗಬಹುದು. ಆದರೆ ಒಳಗೆ ಕೂತು ಸಂಗೀತ ಕೇಳಬೇಕು ಅಂದರೆ ಸ್ವಲ್ಪ ತಯಾರಿ ಬೇಕು. ಟಿಕೆಟ್ ಸಿಕ್ಕಿದ್ದೇ ಸಾಕು ಅಂತ ಯಾವುದೋ ಒಂದು ಸೀಟು ಹಿಡಿಯುವ ಹಾಲ್ ಅಲ್ಲ ಇದು. ಇಲ್ಲಿ ಜನ ಆರ್ಕೆಸ್ಟ್ರಾದ, ಅಂದರೆ ದೊಡ್ಡ ವಾದ್ಯವೃಂದದ, ಸುತ್ತಲೂ ಕೂರುತ್ತಾರೆ. ಒಂದೇ ಸಂಜೆ, ಒಂದೇ ಸಂಗೀತ, ಆದರೆ ಎದುರಿಗೆ ಕೂತವರಿಗೂ ಹಿಂದೆ ಕೂತವರಿಗೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಕಟ್ಟಡಗಳಿಗೆ ಏಸಿ ಡಿಸೈನ್ ಮಾಡುವುದು. ಡಕ್ಟು, ಫ್ಯಾನು, ಗಾಳಿಯ ಲೆಕ್ಕ. ಸದ್ದು ನಮ್ಮ ಕಸುಬಿನ ದೊಡ್ಡ ಶತ್ರು. ಹಾಗಾಗಿ ಕಾನ್ಸರ್ಟ್ ಹಾಲ್‌ಗೆ ಹೋದರೂ ನನ್ನ ಕಣ್ಣು ವೇದಿಕೆಗಿಂತ ಮೊದಲು ಸೂರು, ಗೋಡೆ, ಸೀಟಿನ ಬುಡ ಇವುಗಳ ಮೇಲೆ ಹೋಗುತ್ತದೆ. ಮೈಸೂರಿನಲ್ಲಿ ಚಿಕ್ಕವಯಸ್ಸಿನಿಂದ ಕಛೇರಿ ಕೇಳಿ ಬೆಳೆದ ಕಿವಿ ಇನ್ನೊಂದು ಕಡೆ ಎಳೆಯುತ್ತದೆ. ಈ ಎರಡರ ನಡುವೆ ಹೊಳೆದದ್ದನ್ನು ಕೆಳಗೆ ಹೇಳಿದ್ದೇನೆ.

ಮೊದಲು ಟಿಕೆಟ್ ಇಲ್ಲದೆ ಒಮ್ಮೆ ಹೋಗಿ

ಕಾನ್ಸರ್ಟ್ ದಿನವೇ ಮೊದಲ ಸಲ ಹೋದರೆ ಕಟ್ಟಡ ನೋಡುವುದರಲ್ಲೇ ಹೊತ್ತು ಹೋಗಿ, ಏದುಸಿರು ಬಿಡುತ್ತಾ ಸೀಟಿಗೆ ಓಡಬೇಕಾಗುತ್ತದೆ. ಅದಕ್ಕೆ ಮೊದಲು ಒಂದು ಹಗಲು ಸುಮ್ನೆ ಹೋಗಿ ಬನ್ನಿ. ಯು3 ಮೆಟ್ರೊದಲ್ಲಿ ಬೌಮ್‌ವಾಲ್ ಸ್ಟೇಷನ್‌ನಲ್ಲಿ ಇಳಿಯಿರಿ. ಅಲ್ಲಿಂದ ನಡೆದರೆ ಒಂದು ಸೇತುವೆ ಸಿಗುತ್ತದೆ. ಅದರ ಹೆಸರು ಮಹಾತ್ಮ ಗಾಂಧಿ ಸೇತುವೆ. ನಮ್ಮೂರಿನಿಂದ ಬಂದವರೆಲ್ಲ ಆ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಿ, ತೊಂದರೆ ಇಲ್ಲ. ಆದರೆ ಅಲ್ಲೇ ಎರಡು ನಿಮಿಷ ನಿಂತು ಕಟ್ಟಡವನ್ನೂ ನೋಡಿ. ಇಡೀ ಕಥೆ ಅಲ್ಲಿಂದಲೇ ಕಾಣುತ್ತದೆ.

ಕೆಳಗಿನ ಭಾಗ ಕೆಂಪು ಇಟ್ಟಿಗೆಯ ಗೋದಾಮು. ಕಿಟಕಿಗಳೆಂದರೆ ಸಣ್ಣ ಸಣ್ಣ ಚೌಕದ ತೂತುಗಳು, ಅಷ್ಟೇ. ಅದರ ಮೇಲೆ ಅಲೆಯಂಥ ಸೂರಿನ ಗಾಜಿನ ಕಟ್ಟಡ. ಗೋದಾಮಿನ ಹೆಸರು ಕೈಶ್ಪೈಖರ್ ಎ. ವೆರ್ನರ್ ಕಾಲ್ಮೋರ್ಗನ್ ಎಂಬ ವಾಸ್ತುಶಿಲ್ಪಿ 1960ರ ದಶಕದಲ್ಲಿ ಕಟ್ಟಿದ್ದು. ಹಡಗಿನಲ್ಲಿ ಬಂದ ಕೋಕೊ, ಚಹಾ, ತಂಬಾಕು ಮೂಟೆಗಳನ್ನು ಇಲ್ಲಿ ಇಡುತ್ತಿದ್ದರು. ಆಮೇಲೆ ಕಂಟೇನರ್ ಕಾಲ ಬಂತು. ಮೂಟೆ ಹೊರುವುದು ನಿಂತಿತು. ದೊಡ್ಡ ಹಡಗುಗಳು ಎಲ್ಬೆ ನದಿಯ ಆಚೆ ದಡದ ಕಂಟೇನರ್ ಧಕ್ಕೆಗಳಿಗೆ ಹೋದವು. ಗೋದಾಮು ಖಾಲಿ ಬಿತ್ತು. ಬಂದರಿನ ಈ ಹಳೇ ಜಾಗವನ್ನೇ ಹಾಫೆನ್‌ಸಿಟಿ ಎಂಬ ಹೊಸ ಬಡಾವಣೆ ಮಾಡಿದರು. ಅದರ ಪಶ್ಚಿಮದ ಮೂಲೆಯಲ್ಲಿ, ಮೂರು ಕಡೆ ನೀರಿರುವ ತುದಿಯಲ್ಲಿ ಈ ಗೋದಾಮು ನಿಂತಿದೆ.

ಸ್ವಿಟ್ಜರ್ಲೆಂಡಿನ ಹೆರ್ಜೋಗ್ ಮತ್ತು ಡಿ ಮ್ಯೂರಾನ್ ಜೋಡಿ ಇದನ್ನು ಕೆಡವದೆ ಇದರ ತಲೆ ಮೇಲೆಯೇ ಹಾಲ್ ಕಟ್ಟಿತು. ಒಳಗಿನದ್ದನ್ನೆಲ್ಲ ಕಿತ್ತು ಹೊರಗೋಡೆ ಉಳಿಸಿಕೊಂಡರು. ಕೆಸರಿನ ನೆಲದಲ್ಲಿ ಮೊದಲೇ 1,111 ಕಂಬಗಳನ್ನು ಇಳಿಸಿದ್ದರು. ಕೋಕೊ ಮೂಟೆಗಳ ಭಾರಕ್ಕೆ ಮಾಡಿದ ಅಡಿಪಾಯ, ಗಟ್ಟಿಯಾಗಿತ್ತು. ಆದರೂ ಹೊಸ ಭಾರಕ್ಕೆ ಸಾಲದೆ ಇನ್ನೂ ಆರುನೂರಕ್ಕೂ ಹೆಚ್ಚು ಕಂಬ ಇಳಿಸಿದರು. ಈಗ ಒಟ್ಟು ಎತ್ತರ 110 ಮೀಟರ್.

ಗಾಜಿನ ಮೇಲೆ ಬೂದು ಬಣ್ಣದ ಚುಕ್ಕಿಗಳಿವೆ, ಹತ್ತಿರ ಹೋದರೆ ಕಾಣುತ್ತವೆ. ಅಂದಕ್ಕೆ ಮಾತ್ರ ಹಾಕಿದ್ದಲ್ಲ, ಬಿಸಿಲಿನ ಕಾವನ್ನು ತಡೆಯಲು ಕೂಡ. ಏಸಿ ಕೆಲಸದವರಿಗೆ ಇಂಥದ್ದು ಕಂಡರೆ ಖುಷಿಯಾಗುತ್ತದೆ. ನೂರಾರು ಗಾಜುಗಳನ್ನು ಬಗ್ಗಿಸಿ ಮಾಡಿದ್ದಾರೆ. ಹಾಗಾಗಿ ಆಕಾಶ, ನೀರು, ಕ್ರೇನುಗಳೆಲ್ಲ ಅದರಲ್ಲಿ ಸೊಟ್ಟಗೆ ಕಾಣುತ್ತವೆ.

ಒಳಗೆ ಹೋದರೆ ಒಂದು ಎಸ್ಕಲೇಟರ್. ಉದ್ದ ಸುಮಾರು 80 ಮೀಟರ್. ನೇರವಾಗಿಲ್ಲ, ಕಮಾನಿನಂತೆ ಬಾಗಿದೆ. ಹತ್ತುವಾಗ ಅದರ ತುದಿ ಕಾಣುವುದಿಲ್ಲ. ಮೇಲೆ ತಲುಪಲು ಎರಡೂವರೆ ನಿಮಿಷ ಬೇಕು. ವಯಸ್ಸಾದವರ ಜೊತೆ ಹೋಗುತ್ತಿದ್ದರೆ ಮೊದಲೇ ಹೇಳಿಬಿಡಿ: ಇಳಿಜಾರು ಮಧ್ಯದಲ್ಲಿ ಬದಲಾಗುತ್ತದೆ, ಪಕ್ಕದ ಹಿಡಿಕೆ ಬಿಡಬೇಡಿ ಅಂತ. ಭಯ ಅನ್ನುವವರಿಗೆ ಲಿಫ್ಟ್ ಇದೆ. ಅಲ್ಲಿಂದ ಇನ್ನೊಂದು ಸಣ್ಣ ಎಸ್ಕಲೇಟರ್ ಹತ್ತಿದರೆ ಪ್ಲಾಜಾ. 37 ಮೀಟರ್ ಎತ್ತರದಲ್ಲಿ, ಹಳೇ ಇಟ್ಟಿಗೆಗೂ ಹೊಸ ಗಾಜಿಗೂ ನಡುವೆ ಇರುವ ತೆರೆದ ಜಗಲಿ. ಸುತ್ತಲೂ ನಡೆದು ಇಡೀ ಬಂದರು ನೋಡಬಹುದು. ಅದೇ ದಿನ ಅಲ್ಲೇ ಟಿಕೆಟ್ ತೆಗೆದುಕೊಂಡರೆ ದುಡ್ಡಿಲ್ಲ. ಜಾಸ್ತಿ ಜನ ಬರುವ ಶನಿವಾರ, ಭಾನುವಾರಕ್ಕೆ ಮುಂಚೆಯೇ ಆನ್‌ಲೈನ್‌ನಲ್ಲಿ ಸಣ್ಣ ಶುಲ್ಕ ಕೊಟ್ಟು ಹೊತ್ತು ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಸ್ವೆಟರ್ ಮರೆಯಬೇಡಿ. ಜುಲೈನಲ್ಲೂ ಅಲ್ಲಿ ಗಾಳಿ ಕೊರೆಯುತ್ತದೆ.

ಈ ಪ್ಲಾಜಾ ಯಾಕೆ ಎಲ್ಲರಿಗೂ ತೆರೆದಿದೆ ಅಂದರೆ, ಕಟ್ಟಿಸಿದ್ದು ಊರಿನ ತೆರಿಗೆ ದುಡ್ಡು. ಶುರುವಿನಲ್ಲಿ ನಗರದ ಪಾಲು 7.7 ಕೋಟಿ ಯೂರೊ ಅಂದಿದ್ದರು. ಕೊನೆಗೆ ಒಟ್ಟು ಖರ್ಚು 86.6 ಕೋಟಿ, ಅದರಲ್ಲಿ ನಗರದ್ದೇ 78.9 ಕೋಟಿ! 2007ರಲ್ಲಿ ಅಡಿಗಲ್ಲು ಹಾಕಿ 2010ಕ್ಕೆ ಬಾಗಿಲು ತೆಗೆಯುತ್ತೇವೆ ಅಂದವರು ತೆಗೆದದ್ದು 2017ರ ಜನವರಿ 11ಕ್ಕೆ. ನಡುವೆ ಜಗಳವಾಗಿ ಕೆಲಸವೇ ಒಂದು ವರ್ಷಕ್ಕಿಂತ ಜಾಸ್ತಿ ನಿಂತಿತ್ತು. ಶಾಸನಸಭೆ ತನಿಖೆ ಮಾಡಿತು. 2016ರ ಅಕ್ಟೋಬರ್‌ನಲ್ಲಿ ಕೆಲಸ ಮುಗಿದಾಗ ಕಿಟಕಿಗಳ ದೀಪ ಬೆಳಗಿಸಿ, "ಮುಗಿಯಿತು" ಅಂತ ದೂರದಿಂದ ಓದುವಂತೆ ಜರ್ಮನ್‌ನಲ್ಲಿ ಬರೆದರು. ಆ ಹೊತ್ತಿಗೆ ಊರಿನವರಿಗೆ ಆ ತಮಾಷೆ ಚೆನ್ನಾಗಿಯೇ ಅರ್ಥವಾಗಿತ್ತು.

ಇಷ್ಟು ದುಡ್ಡು ಸುರಿದದ್ದು ಸರಿಯೋ ತಪ್ಪೋ ಅಂತ ಇಲ್ಲಿ ಈಗಲೂ ಮಾತಾಡುತ್ತಾರೆ. ನನ್ನ ಮಟ್ಟಿಗೆ ಹೇಳಬೇಕು ಅಂದರೆ, ಪ್ಲಾಜಾ ಇಲ್ಲದಿದ್ದರೆ ಇದು ಟಿಕೆಟ್ ಕೊಳ್ಳಬಲ್ಲವರ ಕಟ್ಟಡವಾಗಿ ಉಳಿಯುತ್ತಿತ್ತು. ಕಟ್ಟಡದೊಳಗೆ ದುಬಾರಿ ಹೋಟೆಲ್ ಇದೆ, ಶ್ರೀಮಂತರ ಫ್ಲ್ಯಾಟುಗಳಿವೆ, ಕಾರ್ ಪಾರ್ಕಿಂಗ್ ಇದೆ. ಸಾಮಾನ್ಯ ಜನ ಮಕ್ಕಳನ್ನು ಕರೆದುಕೊಂಡು ಸಂಜೆ ಹೊತ್ತು ಹತ್ತಿ ಬರುವ ಜಾಗ ಈ ಜಗಲಿ ಒಂದೇ.

ಹಾಲ್ ಒಳಗೆ ಏನು ನೋಡಬೇಕು

ಪ್ಲಾಜಾದಿಂದ ಮೇಲಕ್ಕೆ ಕಾನ್ಸರ್ಟ್ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ, ಇಲ್ಲವೇ ಗೈಡ್ ಜೊತೆ ಹೋಗುವವರಿಗೆ. ದೊಡ್ಡ ಹಾಲ್‌ನಲ್ಲಿ ಸುಮಾರು 2,100 ಸೀಟು. ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ಕನಿಷ್ಠ ಇಪ್ಪತ್ತು ನಿಮಿಷ ಮುಂಚೆ. ಕೂತು ಈ ನಾಲ್ಕು ವಿಷಯ ಗಮನಿಸಿ.

ಮೊದಲನೆಯದು ಮೌನ. ಹೊರಗೆ ಬಂದರು. ಹಡಗುಗಳ ಭೋಂಕಾರ ಎದೆಗೆ ತಾಕುವಷ್ಟು ಜೋರು. ಒಳಗೆ ಅದರ ಸುಳಿವೂ ಇಲ್ಲ. ಯಾಕೆಂದರೆ ಹಾಲ್ ಒಂದು ಕಟ್ಟಡದೊಳಗಿನ ಇನ್ನೊಂದು ಕಟ್ಟಡ. 12,500 ಟನ್ ತೂಕದ ಈ ಒಳಚಿಪ್ಪು 362 ದೊಡ್ಡ ಸ್ಪ್ರಿಂಗುಗಳ ಮೇಲೆ ಕೂತಿದೆ. ಹೊರಗಿನ ಗೋಡೆಗೂ ಇದಕ್ಕೂ ಗಟ್ಟಿ ಸಂಪರ್ಕವೇ ಇಲ್ಲ. ಕಂಪನ ಒಳಗೆ ಬರಲು ದಾರಿ ಇರಬಾರದು, ಅಷ್ಟೇ ಲೆಕ್ಕ.

ಈ ಮೌನದಲ್ಲಿ ನಮ್ಮ ಕಸುಬಿನವರ ಪಾಲೂ ಇದೆ. ಒಬ್ಬ ಮನುಷ್ಯ ಸುಮ್ಮನೆ ಕೂತರೂ ಸುಮಾರು 100 ವಾಟ್ ಶಾಖ ಬಿಡುತ್ತಾನೆ. 2,100 ಜನ ಅಂದರೆ 210 ಕಿಲೋವಾಟ್. ನಮ್ಮ ಭಾಷೆಯಲ್ಲಿ 60 ಟನ್ ಏಸಿ, ಅದೂ ಬರೀ ಜನರಿಗೆ. ದೀಪ, ತಾಜಾ ಗಾಳಿ ಎಲ್ಲ ಬೇರೆ. ಅಷ್ಟು ತಂಪು ಗಾಳಿಯನ್ನು ಯಾರ ಕಿವಿಗೂ ಬೀಳದಂತೆ ತರಬೇಕು. ಡಕ್ಟಿನಲ್ಲಿ ಗಾಳಿಯ ವೇಗ ಎರಡು ಪಟ್ಟಾದರೆ ಸದ್ದು ಹದಿನೈದು ಡೆಸಿಬಲ್‌ಗೂ ಮೇಲೇರುತ್ತದೆ. ಅದಕ್ಕೆ ಇಂಥ ಹಾಲ್‌ಗಳಲ್ಲಿ ಡಕ್ಟು ದೊಡ್ಡದು, ಗಾಳಿ ನಿಧಾನ. ಸಾಮಾನ್ಯವಾಗಿ ಸೀಟಿನ ಬುಡದಿಂದ ಮೆಲ್ಲಗೆ ಬಿಟ್ಟು, ಮೈಶಾಖಕ್ಕೆ ತಾನೇ ಮೇಲೇರುವಂತೆ ಮಾಡುತ್ತಾರೆ. ಕಾಲಿಗೆ ಸ್ವಲ್ಪ ತಣ್ಣಗೆ ಅನಿಸಿದರೆ ಅದೇ ಕಾರಣ. ಸೀರೆ ಉಡುವವರು ಸಾಕ್ಸ್ ಹಾಕಿಕೊಂಡರೆ ಒಳ್ಳೆಯದು.

ಎರಡನೆಯದು ಗೋಡೆ. ನನ್ನ ಅಮ್ಮ ಮೊದಲ ಸಲ ಬಂದಾಗ ಗೋಡೆ ಸವರಿ, "ಇದೇನಿದು, ಸೆಟ್ ದೋಸೆ ಥರ ತೂತು ತೂತು!" ಅಂದರು. ಸರಿಯಾಗಿಯೇ ಹೇಳಿದರು. ಜಿಪ್ಸಮ್ ಮತ್ತು ನಾರಿನ ಸುಮಾರು 10,000 ಹಲಗೆಗಳು, ಅವುಗಳ ಮೇಲೆ ಯಂತ್ರದಿಂದ ಕೊರೆದ ಹತ್ತು ಲಕ್ಷದಷ್ಟು ಗುಳಿಗಳು. ಒಂದು ಹಲಗೆ ಇನ್ನೊಂದರಂತಿಲ್ಲ. ಕೆಲವು ಕಡೆ ಗುಳಿ ಆಳ, ಕೆಲವು ಕಡೆ ತೆಳು. ನುಣುಪಾದ ಗೋಡೆಗೆ ಸದ್ದು ಬಡಿದರೆ ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಕರ್ಕಶವಾದ ಮಾರ್ದನಿ ಆಗುತ್ತದೆ. ಗುಳಿ ಇದ್ದರೆ ಚದುರಿ ಎಲ್ಲ ಕಡೆ ಹೋಗುತ್ತದೆ. ಹಳೇ ಹಾಲ್‌ಗಳಲ್ಲಿ ಈ ಕೆಲಸವನ್ನು ಗಾರೆಯ ಬಳ್ಳಿ, ಬೊಂಬೆ, ಕಂಬಗಳು ಮಾಡುತ್ತಿದ್ದವು. ಯಾರೂ ಸದ್ದಿಗೆ ಅಂತ ಮಾಡಿದ್ದಲ್ಲ, ಚೆಂದಕ್ಕೆ ಮಾಡಿದ್ದು. ಇಲ್ಲಿ ಲೆಕ್ಕ ಹಾಕಿ ಮಾಡಿದ್ದಾರೆ.

ಲೆಕ್ಕ ಹಾಕಿದವರು ಜಪಾನಿನ ಯಾಸುಹಿಸಾ ಟೊಯೋಟಾ. ಟೋಕಿಯೊದ ಸಂಟೋರಿ ಹಾಲ್, ಲಾಸ್ ಏಂಜಲೀಸ್‌ನ ಡಿಸ್ನಿ ಹಾಲ್‌ಗೂ ಧ್ವನಿ ವಿನ್ಯಾಸದಲ್ಲಿ ಇವರ ಕೈ ಇದೆ. ಹಾಲ್ ಕಟ್ಟುವ ಮೊದಲು ಹತ್ತನೇ ಒಂದು ಅಳತೆಯ ಮಾದರಿ ಮಾಡಿ, ಸೀಟುಗಳಲ್ಲಿ ಪುಟ್ಟ ಫೆಲ್ಟ್ ಬೊಂಬೆಗಳನ್ನು ಕೂರಿಸಿ ಅಳೆದರು. ಜನ ಸದ್ದನ್ನು ಹೀರುತ್ತಾರಲ್ಲ, ಅದಕ್ಕೆ. ಜನ ಮತ್ತು ಮೆತ್ತೆ ಎಷ್ಟು ಸದ್ದು ಹೀರುತ್ತವೆ ಎಂದು ಮೊದಲು ಅಳೆದವರು ಹಾರ್ವರ್ಡ್‌ನ ವ್ಯಾಲೇಸ್ ಸಬೈನ್, 1890ರ ದಶಕದಲ್ಲಿ. ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ಹೊತ್ತು ತಂದು ಕೋಣೆಯಲ್ಲಿ ಹರಡಿ, ನಾದ ಎಷ್ಟು ಹೊತ್ತು ಉಳಿಯುತ್ತದೆ ಅಂತ ನೋಡಿದ ಆ ಲೆಕ್ಕದಲ್ಲೇ 1900ರಲ್ಲಿ ಬಾಸ್ಟನ್‌ನ ಸಿಂಫನಿ ಹಾಲ್ ಎದ್ದದ್ದು.

ಮೂರನೆಯದು ತಲೆ ಮೇಲೆ. ವೇದಿಕೆಯ ಮೇಲೆ ಸೂರಿನಿಂದ ಒಂದು ದೊಡ್ಡ ಅಣಬೆಯಾಕಾರ ಇಳಿಬಿದ್ದಿದೆ. ಮೇಲಕ್ಕೆ ಹೋಗುವ ಸದ್ದನ್ನು ಅದು ಸೀಟುಗಳ ಕಡೆಗೆ ತಿರುಗಿಸುತ್ತದೆ. ಹಾಲ್ ಎತ್ತರವಾದಷ್ಟೂ ಸದ್ದು ಮೇಲೆ ಹೋಗಿ ತಡವಾಗಿ ಬರುತ್ತದೆ. ನೇರ ಸದ್ದಿನ ಹಿಂದೆಯೇ, ಸೆಕೆಂಡಿನ ಹನ್ನೆರಡನೇ ಒಂದು ಭಾಗದೊಳಗೆ ಮರಳಿ ಬಂದದ್ದನ್ನು ಕಿವಿ ನೇರ ಸದ್ದಿಗೇ ಸೇರಿಸಿಕೊಂಡು ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕಿಂತ ತಡವಾಗಿ ಬಂದದ್ದು ಬರೀ ಗುಂಗು. ಸಂಗೀತಕ್ಕೆ ಎರಡೂ ಬೇಕು, ಆದರೆ ಹದವಾಗಿ. ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ಆರ್ಗನ್ನಿನ ಕೆಲವು ಕೊಳವೆಗಳೂ ಈ ಅಣಬೆಯೊಳಗಿವೆ. ಆರ್ಗನ್ನಿನಲ್ಲಿ ಒಟ್ಟು 4,765 ಕೊಳವೆ. ಸೀಟುಗಳ ಹಿಂದೆಯೇ ನಿಂತಿರುವ ಕೊಳವೆಗಳನ್ನು ಜನ ಮುಟ್ಟಬಹುದು. ಬೆರಳಚ್ಚು ಕೂರದಂತೆ ಲೇಪ ಹಚ್ಚಿದ್ದಾರೆ. ಮಕ್ಕಳಿಗೆ ಇದನ್ನು ಖಂಡಿತ ತೋರಿಸಿ.

ನಾಲ್ಕನೆಯದು ಸೀಟುಗಳ ಜೋಡಣೆ. ಇದೇ ಎಲ್ಲಕ್ಕಿಂತ ಮುಖ್ಯ.

ಸೀಟು ಆರಿಸುವುದು

ಯುರೋಪಿನ ಹಳೇ ಹಾಲ್‌ಗಳು ಉದ್ದನೆಯ ಪೆಟ್ಟಿಗೆ. ವಿಯೆನ್ನಾದ ಮ್ಯೂಸಿಕ್‌ಫೆರೈನ್ (1870), ಆಗಲೇ ಹೇಳಿದ ಬಾಸ್ಟನ್ ಹಾಲ್ ಹೀಗಿವೆ. ವೇದಿಕೆ ಒಂದು ತುದಿಯಲ್ಲಿ, ಜನ ಎದುರಿಗೆ. ಗೋಡೆಗಳು ಹತ್ತಿರ, ಆದ್ದರಿಂದ ಪಕ್ಕದಿಂದ ಸದ್ದು ಬೇಗ ಬಂದು ಸುತ್ತಿಕೊಳ್ಳುತ್ತದೆ. 1963ರಲ್ಲಿ ಬರ್ಲಿನ್ ಫಿಲ್ಹಾರ್ಮನಿಯಲ್ಲಿ ಹಾನ್ಸ್ ಶರೂನ್ ಇದನ್ನು ಬಿಟ್ಟು, ಆರ್ಕೆಸ್ಟ್ರಾವನ್ನು ನಡುವಿಗೆ ತಂದು ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಜನರನ್ನು ಕೂರಿಸಿದರು. ಇದಕ್ಕೆ ದ್ರಾಕ್ಷಿತೋಟದ ಮಾದರಿ ಎನ್ನುತ್ತಾರೆ. ಎಲ್ಬ್‌ಫಿಲ್ಹಾರ್ಮನಿ ಅದೇ ಜಾತಿ, ಇನ್ನೂ ಕಡಿದಾಗಿದೆ. ಇಷ್ಟು ದೊಡ್ಡ ಹಾಲ್‌ನಲ್ಲೂ ಆರ್ಕೆಸ್ಟ್ರಾವನ್ನು ಕೈಸನ್ನೆಯಲ್ಲಿ ನಡೆಸುವ ಕಂಡಕ್ಟರ್‌ನಿಂದ 30 ಮೀಟರ್‌ಗಿಂತ ದೂರ ಯಾರೂ ಕೂರುವುದಿಲ್ಲ.

ಹತ್ತಿರ ಅನ್ನುವುದು ಲಾಭ. ಆದರೆ ಸುತ್ತಲೂ ಕೂರಿಸಿದರೆ ಕೆಲವರು ವಾದ್ಯಗಳ ಬೆನ್ನಿಗೆ ಬರುತ್ತಾರೆ. ಬುಕಿಂಗ್ ಮಾಡುವಾಗ ಮೊದಲು ನೋಡಬೇಕಾದ್ದು ದರ ಅಲ್ಲ, ಅವತ್ತಿನ ಕಾರ್ಯಕ್ರಮ.

ಹಾಡುಗಾರರು ಇದ್ದರೆ ಎದುರಿಗೇ ಕೂರಿ, ಬೇರೆ ಮಾತಿಲ್ಲ. ಮನುಷ್ಯನ ಬಾಯಿಂದ ಬರುವ ದಪ್ಪ ಸ್ವರ ಎಲ್ಲ ಕಡೆ ಹರಡುತ್ತದೆ. ಆದರೆ ಪದವನ್ನು ಪದವಾಗಿಸುವ ಸ, ತ, ಕ ಇಂಥ ಚೂಪಾದ ಸದ್ದುಗಳು ಮುಂದಕ್ಕೆ ಮಾತ್ರ ಹೋಗುತ್ತವೆ. ಹಿಂದೆ ಕೂತವರಿಗೆ ಗೊಣಗಿದಂತೆ ಕೇಳುತ್ತದೆ. ಅದರ ಮೇಲೆ ಇಡೀ ಆರ್ಕೆಸ್ಟ್ರಾ ಅವರಿಗೂ ಹಾಡುಗಾರರಿಗೂ ನಡುವೆ ಇರುತ್ತದೆ. 2019ರ ಜನವರಿಯಲ್ಲಿ ಪ್ರಸಿದ್ಧ ಟೆನರ್ (ಎತ್ತರದ ದನಿಯ ಗಾಯಕ) ಯೋನಾಸ್ ಕೌಫ್‌ಮನ್ ಇಲ್ಲಿ ಸಂಗೀತ ರಚನೆಕಾರ ಮಾಲರ್‌ನ ಕೃತಿ ಹಾಡುವಾಗ ಹೀಗೇ ಆಯಿತು. ಹಿಂದಿನ ಸಾಲುಗಳವರು ಕೇಳಿಸುತ್ತಿಲ್ಲ ಅಂತ ಗಲಾಟೆ ಮಾಡಿದರು, ಕೆಲವರು ಎದ್ದು ಜಾಗ ಬದಲಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಹಾಲ್ ಕೆಟ್ಟದ್ದು ಅಂತ ಕೆಲವರು, ಹಾಡುಗಾರರದೇ ತಪ್ಪು ಅಂತ ಕೆಲವರು. ನನ್ನ ಪ್ರಕಾರ ಎರಡೂ ಅಲ್ಲ. ಆ ಸೀಟುಗಳನ್ನು ಅಂಥ ಸಂಜೆ ಮಾರುವಾಗಲೇ ಸ್ಪಷ್ಟವಾಗಿ ಹೇಳಬೇಕು.

ಪಿಯಾನೊ ಇದ್ದರೆ ಎಡ, ಬಲ ನೋಡಿಕೊಳ್ಳಿ. ಎದುರಿನಿಂದ ನೋಡಿದರೆ ಪಿಯಾನೊ ನುಡಿಸುವವರು ಎಡಗಡೆ ಕೂತು ಬಲಕ್ಕೆ ಮುಖ ಮಾಡಿರುತ್ತಾರೆ. ಬೆರಳು ನೋಡುವ ಆಸೆ ಇದ್ದರೆ ಎಡಗಡೆಯ ಸೀಟು. ಮುಖ ನೋಡಬೇಕಾದರೆ ಬಲಗಡೆ. ಪಿಯಾನೊದ ಮುಚ್ಚಳ ಸದ್ದನ್ನು ಎದುರಿಗೆ ತಿರುಗಿಸುವಂತೆ ತೆರೆದಿರುತ್ತದೆ. ಅಂದರೆ ಹಿಂದೆ ಕೂತವರಿಗೆ ಮುಚ್ಚಳದ ಬೆನ್ನು. ಅಲ್ಲಿ ನಾದ ಮಂಕು. ಆರ್ಕೆಸ್ಟ್ರಾ ಜೊತೆಗಿನ ಪಿಯಾನೊ ಆದರೆ ಮಂಕು ಇನ್ನೂ ಜಾಸ್ತಿ.

ಹಾಡೂ ಇಲ್ಲ, ಪಿಯಾನೊನೂ ಇಲ್ಲ, ಇಡೀ ಆರ್ಕೆಸ್ಟ್ರಾ ನುಡಿಸುವ ದೊಡ್ಡ ಸಿಂಫನಿ ಮಾತ್ರ ಅಂದರೆ ಧೈರ್ಯವಾಗಿ ಹಿಂದಿನ ಸೀಟು ತೆಗೆದುಕೊಳ್ಳಿ. ಇಂಥ ಹಾಲ್‌ಗಳಲ್ಲಿ ಅವು ಸಾಮಾನ್ಯವಾಗಿ ಅಗ್ಗ. ಅಲ್ಲಿಂದ ಕಂಡಕ್ಟರ್‌ನ ಮುಖ ಕಾಣುತ್ತದೆ. ಹುಬ್ಬು ಏರಿಸುವುದು, ಎಡಗೈಯಿಂದ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕರನ್ನು ಸುಮ್ಮನಾಗಿಸುವುದು, ಜೋರಾದ ಪೆಟ್ಟು ಬೀಳುವ ಮುಂಚೆ ಉಸಿರೆಳೆಯುವುದು. ಎದುರಿಗೆ ಕೂತವರಿಗೆ ಬರೀ ಕೋಟಿನ ಬೆನ್ನು. ಆದರೆ ಒಂದು ಎಚ್ಚರಿಕೆ: ಫ್ರೆಂಚ್ ಹಾರ್ನ್ ಎಂಬ ಸುರುಳಿ ಕಹಳೆಯ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ನೀವು ಅದರ ನೇರಕ್ಕೆ ಬಂದರೆ ಪಿಟೀಲುಗಳನ್ನು ಮರೆತುಬಿಡಬೇಕು. ಡ್ರಮ್ ಪಕ್ಕದ ಸೀಟೂ ಹಾಗೇ.

ಎಲ್ಲ ವಾದ್ಯ ಬೆರೆತು ಒಂದಾಗಿ ಕೇಳಬೇಕು ಅನ್ನುವವರು ಎದುರಿನ ಮೇಲಿನ ಮಹಡಿಗೆ ಹೋಗಿ. ತಗ್ಗಿನಲ್ಲಿ, ವೇದಿಕೆಗೆ ಅಂಟಿಕೊಂಡ ಸಾಲುಗಳಲ್ಲಿ ಹತ್ತಿರದ ವಾದ್ಯವೇ ಜಾಸ್ತಿ ಕೇಳುತ್ತದೆ. ಮೇಲೆ ಹೋದಷ್ಟೂ ಹದ. ನನಗೆ ಇಷ್ಟವಾದದ್ದು ಎದುರಿನ ಬಲಕ್ಕೆ ಸ್ವಲ್ಪ ವಾಲಿದ ಮೇಲಿನ ಸೀಟುಗಳು. ಎತ್ತರಕ್ಕೆ ಹೆದರುವವರಿಗೆ ಅವು ಬೇಡ, ಮೆಟ್ಟಿಲು ನಿಜಕ್ಕೂ ಕಡಿದು. ಮಂಡಿನೋವು ಇದ್ದರೆ ಬುಕ್ ಮಾಡುವಾಗಲೇ ಲಿಫ್ಟಿಗೆ ಹತ್ತಿರದ ಸೀಟು ಕೇಳಿ.

ಕೂತ ಮೇಲೆ ಒಂದು ಪರೀಕ್ಷೆ ಮಾಡಿ. ಶುರುವಿಗೆ ಮುಂಚೆ ಓಬೊ ಎಂಬ ಊದುವ ವಾದ್ಯ ಒಂದು ಸ್ವರ ಹಿಡಿಯುತ್ತದೆ, ಎಲ್ಲರೂ ಅದಕ್ಕೆ ಶ್ರುತಿ ಸೇರಿಸುತ್ತಾರೆ. ಆಗ ಕಣ್ಣು ಮುಚ್ಚಿ ಯಾವ ವಾದ್ಯ ಎಲ್ಲಿಂದ ಬರುತ್ತಿದೆ ಅಂತ ಬೆರಳು ತೋರಿಸಿ, ಆಮೇಲೆ ಕಣ್ಣು ಬಿಡಿ. ಈ ಹಾಲ್‌ನಲ್ಲಿ ಬೆರಳು ಸಾಮಾನ್ಯವಾಗಿ ಸರಿಯಾದ ಕಡೆಗೇ ಇರುತ್ತದೆ. ಎಲ್ಲ ಬಿಡಿಬಿಡಿಯಾಗಿ ಕೇಳುತ್ತದೆ. ಕೆಲವರಿಗೆ ಇದೇ ದೂರು: ತಪ್ಪೂ ಕೇಳಿಸುತ್ತದೆ, ಬೆಚ್ಚಗಿಲ್ಲ ಅಂತ. ಜೋರಾದ ಪೆಟ್ಟು ಥಟ್ಟನೆ ನಿಂತಾಗ ನಾದ ಆರುವುದನ್ನೂ ಕೇಳಿ. ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ.

ನಮ್ಮ ಸಂಗೀತದ ಕಿವಿ ಇಟ್ಟುಕೊಂಡು ಹೋದರೆ

ಅಮ್ಮನ ಮೊದಲ ಪ್ರಶ್ನೆ, "ಮೈಕ್ ಎಲ್ಲಿ?" ಮೈಕ್ ಇಲ್ಲ ಅಂದರೆ ನಂಬಲಿಲ್ಲ. ನಮಗೆ ಮೈಕ್ ಇಲ್ಲದ ಕಛೇರಿ ಮರೆತೇ ಹೋಗಿದೆ ಅಲ್ವಾ. ಆದರೆ ಮೈಕ್ ಬರುವ ಮುಂಚೆ ನಮ್ಮಲ್ಲೂ ಈ ತೊಂದರೆ ಇತ್ತು. ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡದ್ದು ಹಿಂದಿನ ಸಾಲಿನವರಿಗೂ ಕೇಳಿಸಲಿ ಅಂತ. ಜಾಗ ಬದಲಿಸಲು ಆಗದಿದ್ದಾಗ ಅವರು ವಾದ್ಯವನ್ನೇ ಬದಲಿಸಿದರು. ಹ್ಯಾಂಬರ್ಗಿನವರು ವಾದ್ಯ ಮುಟ್ಟದೆ ಜಾಗವನ್ನು ಬದಲಿಸಿದರು. ಕೋಟಿ ಕೋಟಿ ಖರ್ಚು ಮಾಡಿ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು 1980ರಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದರು. ಆದರೆ ಅಲ್ಲಿ ಕಛೇರಿ ನಡೆಯುವುದು ಮೈಕ್ ಇಟ್ಟುಕೊಂಡೇ.

ಹಾಗಂತ ನಮ್ಮ ಸಂಗೀತಕ್ಕೆ ಇಂಥ ಹಾಲ್ ಸಿಕ್ಕಿದ್ದರೆ ಅಂತ ಕೊರಗಬೇಡಿ. ಎರಡು ಸೆಕೆಂಡ್ ಉಳಿಯುವ ನಾದ ಸಿಂಫನಿಗೆ ಹೇಳಿ ಮಾಡಿಸಿದ್ದು. ಮೃದಂಗಕ್ಕೆ ಅದು ಹಿಂಸೆ. ತನಿ ಆವರ್ತನದಲ್ಲಿ ಸೆಕೆಂಡಿಗೆ ಎಂಟು ಪೆಟ್ಟು ಬಿದ್ದರೆ, ಒಂದು ಪೆಟ್ಟು ಪೂರ್ತಿ ಆರುವ ಹೊತ್ತಿಗೆ ಹದಿನಾರು ಪೆಟ್ಟು ಬಿದ್ದಾಗಿರುತ್ತದೆ. ಸೊಲ್ಲು ಸೊಲ್ಲಾಗಿ ಕೇಳುವುದಿಲ್ಲ, ಕಲಸಿಹೋಗುತ್ತದೆ. ಅದರ ಮೇಲೆ ಮೈಕ್ ಹಾಕಿದರೆ ಮುಗಿಯಿತು. ಮೈಸೂರಿನ ಬಿಡಾರಂ ಕೃಷ್ಣಪ್ಪ ರಾಮಮಂದಿರದಂಥ ಅಳತೆಯ ಜಾಗವೇ ವೀಣೆಗೆ, ಮೃದಂಗಕ್ಕೆ ಸರಿ. ಭಾರತದ ಕಲಾವಿದರು ಎಲ್ಬ್‌ಫಿಲ್ಹಾರ್ಮನಿಗೆ ಬಂದಾಗ ಯಾವ ಹಾಲ್ ಅಂತ ನೋಡಿ. ಇಲ್ಲಿ 550 ಸೀಟಿನ ಚಿಕ್ಕ ಹಾಲ್ ಇದೆ, ಗೋಡೆಗೆಲ್ಲ ಅಲೆಅಲೆಯಾಗಿ ಕೆತ್ತಿದ ಓಕ್ ಮರ, ಆಕಾರ ಹಳೇ ಪೆಟ್ಟಿಗೆಯದು. ಅಲ್ಲಿ ನಡೆದರೆ ಬಿಡಬೇಡಿ.

ಆ ಸಂಜೆ

ಗಾಜಿನ ಬಳೆ ತೆಗೆದಿಡಿ. ಇದು ತಮಾಷೆ ಅಲ್ಲ. ಹಾಲ್ ವೇದಿಕೆಯ ಸದ್ದನ್ನು ನಿಮಗೆ ಎಷ್ಟು ಚೆನ್ನಾಗಿ ತಲುಪಿಸುತ್ತದೋ, ನಿಮ್ಮ ಸದ್ದನ್ನೂ ಎಲ್ಲರಿಗೂ ಅಷ್ಟೇ ಚೆನ್ನಾಗಿ ತಲುಪಿಸುತ್ತದೆ. ಪೆಪ್ಪರ್‌ಮೆಂಟ್ ಕಾಗದ ಬಿಚ್ಚಿದರೆ ಎದುರಿನ ಮಹಡಿಯವರು ತಿರುಗಿ ನೋಡುತ್ತಾರೆ. ಕೆಮ್ಮು ಇದ್ದರೆ ಕಾಗದ ಬಿಚ್ಚಿಯೇ ಕೈಯಲ್ಲಿ ಹಿಡಿದುಕೊಳ್ಳಿ. ಫೋನ್ ಸೈಲೆಂಟ್ ಅಲ್ಲ, ಆಫ್. ತೊಡೆ ಮೇಲೆ ತಾಳ ಹಾಕುವ ಅಭ್ಯಾಸ ಇದ್ದವರು ಕಷ್ಟಪಟ್ಟು ಕೈ ಕಟ್ಟಿಕೊಳ್ಳಬೇಕು. ಭಲೇ, ಶಹಭಾಸ್ ಎಲ್ಲ ಕೊನೆಗೆ. ಒಂದು ಕೃತಿಗೆ ಮೂರೋ ನಾಲ್ಕೋ ಭಾಗ ಇರುತ್ತದೆ, ನಡುವೆ ಮೌನ ಬರುತ್ತದೆ. ಆಗ ಚಪ್ಪಾಳೆ ಬೇಡ. ಅನುಮಾನ ಬಂದರೆ ಕಂಡಕ್ಟರ್ ಕೈ ಇಳಿಸಿ ಈ ಕಡೆ ತಿರುಗುವವರೆಗೆ ಕಾಯಿರಿ.

ತಡ ಮಾಡಬೇಡಿ. ಶುರುವಾದ ಮೇಲೆ ಬಾಗಿಲು ಹಾಕುತ್ತಾರೆ, ವಿರಾಮ ಸಿಗುವವರೆಗೆ ಹೊರಗೇ ನಿಲ್ಲಬೇಕು. ಎಸ್ಕಲೇಟರ್, ಕೋಟು ಇಡುವ ಕೌಂಟರ್, ಮೆಟ್ಟಿಲು ಎಲ್ಲ ಸೇರಿ ಕೆಳಗಿನ ಬಾಗಿಲಿನಿಂದ ಸೀಟಿಗೆ ಅರ್ಧ ಗಂಟೆ ಲೆಕ್ಕ ಹಾಕಿ. ಟಿಕೆಟ್‌ನಲ್ಲಿ ಮಹಡಿ ಮತ್ತು ಬ್ಲಾಕಿನ ಅಕ್ಷರ ಇರುತ್ತದೆ. ಒಳಗಿನ ಮೆಟ್ಟಿಲುಗಳು ಸುತ್ತಿ ಬಳಸಿ ಹೋಗುತ್ತವೆ, ತಪ್ಪು ಮಹಡಿಯಲ್ಲಿ ಇಳಿದರೆ ಸುಸ್ತು. ಕಾನ್ಸರ್ಟ್ ಟಿಕೆಟ್ ಇದ್ದರೆ ಅವತ್ತು ಊರಿನ ಬಸ್ಸು, ರೈಲು, ದೋಣಿಗೆ ಬೇರೆ ಟಿಕೆಟ್ ಬೇಡ. ಹೋಗುವಾಗ ಬೆಳಕಿದ್ದರೆ ಲಾಂಡುಂಗ್ಸ್‌ಬ್ರುಕನ್ ದೋಣಿಗಟ್ಟೆಯಿಂದ 72ನೇ ನಂಬರ್ ದೋಣಿ ಹಿಡಿಯಿರಿ, ಕಟ್ಟಡ ನೀರಿನ ಕಡೆಯಿಂದ ನೋಡಿದಂತಾಗುತ್ತದೆ.

ಟಿಕೆಟ್ ಸಿಗದಿದ್ದರೆ

ದೊಡ್ಡ ಹೆಸರಿನವರ ಕಾರ್ಯಕ್ರಮಕ್ಕೆ ಟಿಕೆಟ್ ಬೇಗ ಖಾಲಿ. ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿಯೇ ಇರುವ ಎನ್‌ಡಿಆರ್ (ಉತ್ತರ ಜರ್ಮನಿಯ ರೇಡಿಯೊ, ಟಿವಿ ಸಂಸ್ಥೆ) ಆರ್ಕೆಸ್ಟ್ರಾದ ಕಾರ್ಯಕ್ರಮಗಳನ್ನು ನೋಡಿ. ಹಾಲ್‌ನ ಗುಣ ಬಲ್ಲವರು ಅವರು, ಯಾವ ವಾದ್ಯವನ್ನು ಎಷ್ಟು ತಗ್ಗಿಸಬೇಕು ಅಂತ ಗೊತ್ತು. ಅವತ್ತು ಸಂಜೆ ಕೌಂಟರ್‌ನಲ್ಲೂ ಒಮ್ಮೊಮ್ಮೆ ಉಳಿದ ಟಿಕೆಟ್ ಸಿಗುತ್ತದೆ.

ಅದೂ ಆಗದಿದ್ದರೆ ಲೈಸ್‌ಹಾಲ್‌ಗೆ ಹೋಗಿ. 1908ರಲ್ಲಿ ಹಡಗು ಮಾಲೀಕ ಲೈಸ್ ದಂಪತಿಯ ದುಡ್ಡಿನಲ್ಲಿ ಕಟ್ಟಿದ ಹಳೇ ಪೆಟ್ಟಿಗೆ ಮಾದರಿಯ ಹಾಲ್. ಸೀಟು ಅಲ್ಲೂ ಎರಡು ಸಾವಿರದಷ್ಟೇ, ಟಿಕೆಟ್ ಸಿಗುವುದು ಸುಲಭ. ಗೈನ್ಸೆಮಾರ್ಕ್ಟ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಹಾಡುಗಾರಿಕೆ ಅಥವಾ ಪಿಯಾನೊ ಆದರೆ ನಾನೇ ಅಲ್ಲಿಗೆ ಮೊದಲು ನೋಡುತ್ತೇನೆ, ಯಾಕೆಂದರೆ ಅಲ್ಲಿ ಹೆಚ್ಚು ಕಡಿಮೆ ಎಲ್ಲರೂ ಎದುರಿಗೇ ಕೂರುತ್ತಾರೆ. ಬಾಲ್ಕನಿ ತೆಗೆದುಕೊಳ್ಳುವುದಾದರೆ ಮೊದಲ ಸಾಲು ತೆಗೆದುಕೊಳ್ಳಿ. ಹಿಂದಿನ ಸಾಲುಗಳಿಗೆ ಮೇಲಿನ ಬಾಲ್ಕನಿಯ ತಳ ಅಡ್ಡ ಬಂದು, ಸೂರಿನಿಂದ ಇಳಿಯುವ ನಾದ ಕಡಿಮೆಯಾಗುತ್ತದೆ.